ಲಾಭದ ಮುಂದಿನ ಸಾಲು

ಕಾರ್ತಿಕದ ಕಡೆಯ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಕಡೂರಿನ ಒಂದು ಕೊಬ್ಬರಿ ಮಳಿಗೆಯ ಹಿಂದಿನ ಕೋಣೆ. ಹಾಜರಿದ್ದವರು ನಾಲ್ವರು: ಮಳಿಗೆಯ ಯಜಮಾನ, ಅಜ್ಜಂಪುರದಿಂದ ಬೆಳಗಿನ ರೈಲಿಗೆ ಬಂದಿದ್ದ ಎಂಜಿನಿಯರ್, ಯಂತ್ರಕ್ಕೆ ಕಾಯಿ ಹಾಕುವ ಸಿಂಗಟಗೆರೆಯ ಹೆಂಗಸು, ನಾನು.

ಎಲ್ಲರೂ ಒಳಗೆ ಬಂದ ಮೇಲೆ ನಾನೇ ಚಿಲಕ ಹಾಕಿದೆ. ಕೋಣೆಗೆ ಕಿಟಕಿ ಇಲ್ಲ. ಹಿಂದೆ ಅಲ್ಲಿ ಕೊಬ್ಬರಿ ಮೂಟೆ ಪೇರಿಸುತ್ತಿದ್ದರು, ಇಲಿ ನುಗ್ಗಬಾರದೆಂದು ಹಾಗೆ ಕಟ್ಟಿದ್ದಾರೆ. ಗೋಡೆಗೆ ಹತ್ತಿದ ಎಣ್ಣೆಜಿಡ್ಡಿನ ವಾಸನೆ ಇನ್ನೂ ಬಿಟ್ಟಿಲ್ಲ. ಫ್ಯಾನ್ ಇದೆ, ಹಾಕುವಂತಿಲ್ಲ. ನಮ್ಮ ಯಂತ್ರ ಕಿವಿಯಿಂದ ಕೆಲಸ ಮಾಡುವಂಥದು. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಒಂದು ಸುತ್ತಿಗೆ ತಟ್ಟುತ್ತದೆ. ಪಕ್ಕದ ಮೈಕು ಆ ಸದ್ದು ಕೇಳಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತದೆ. ಮನುಷ್ಯರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ತಿಳಿಯುವುದನ್ನು ಅದು ತಟ್ಟಿ ತಿಳಿಯುತ್ತದೆ. ಫ್ಯಾನ್ ಗುಂಯ್ ಎಂದರೆ ಅದರ ಕಿವಿ ಕೆಡುತ್ತದೆ. ಬಾಗಿಲು ತೆರೆದಿದ್ದರೆ ಬಸ್ಸಿನ ಹಾರನ್ನೂ ಕೇಳಿಸಿಕೊಂಡುಬಿಡುತ್ತದೆ.

ಫೋನುಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿಸಿ ಮುಚ್ಚಳ ಒತ್ತಿದೆ.

"ಜೈಲಿನ್ಯಾಗೂ ಒಂದ್ ಕಿಟಕಿ ಇರ್ತೈತಂತೆ ಅಮ್ಮಾರೆ," ಎಂದಳು ಸಿಂಗಟಗೆರೆಯಾಕೆ.

"ಸಂಜೆ ಐದಕ್ಕೆ ಬಿಡುಗಡೆ," ಎಂದೆ.

ಐದಕ್ಕೆ ನಾವು ಚಿಪ್ ಕಾರ್ಖಾನೆಗೆ ಕಳಿಸಬೇಕಾಗಿದ್ದದ್ದು ಯಂತ್ರ ನಡೆಸುವ ನಮ್ಮ ಪ್ರೊಸೆಸರಿನ ಸೂಚನಾಪಟ್ಟಿ ಮತ್ತು ಅದರ ಸರ್ಕ್ಯೂಟಿನ ವಿವರಣೆ. ಅಲ್ಲಿಯವರೆಗಿನ ಯಂತ್ರಗಳಲ್ಲಿ ನಾವು ಬಳಸಿದ್ದು ಅಳಿಸಿ ಮತ್ತೆ ಬರೆಯಬಹುದಾದ ದುಬಾರಿ ಚಿಪ್. ಈ ಸಲ ನಮ್ಮದೇ ಚಿಪ್ ಅಚ್ಚಾಗಲಿತ್ತು. ಹಲವು ಸಣ್ಣ ತಯಾರಕರು ಸೇರಿ ಒಂದೇ ಸಿಲಿಕಾನ್ ತಟ್ಟೆಯಲ್ಲಿ ತಮ್ಮ ತಮ್ಮ ಚಿಪ್ ಮಾಡಿಸಿಕೊಳ್ಳುವ ಏರ್ಪಾಡು ಅದು. ತಪ್ಪಿಸಿಕೊಂಡರೆ ಮುಂದಿನ ಸರದಿ ಬರುವಷ್ಟರಲ್ಲಿ ಹೊಸ ಯಂತ್ರ ಕೇಳಿದ್ದ ತರೀಕೆರೆಯ ವರ್ತಕರ ಹಂಗಾಮು ಮುಗಿದಿರುತ್ತದೆ. ಕಳಿಸಿದ ಮೇಲೆ ಒಂದು ಬಿಟ್ ಕೂಡ ತಿದ್ದಲು ಬರುವುದಿಲ್ಲ. ಕಾಗದದ ತಪ್ಪಾದರೆ ಹೊಡೆದು ಬರೆಯಬಹುದು, ಸಿಲಿಕಾನಿನ ತಪ್ಪು ಚಿಪ್ ಇರುವವರೆಗೂ ಇರುತ್ತದೆ. ಆ ಪಟ್ಟಿ ರೂಪಿಸಿದವಳು ನಾನು, ಅದರ ಕೆಳಗೆ ಕೊನೆಯ ಸಹಿಯೂ ನನ್ನದು.

ಓದುವವರಿಗೆ ಇಷ್ಟು ತಿಳಿದರೆ ಸಾಕು. ಪ್ರೊಸೆಸರಿಗೆ ಕೊಡುವ ಒಂದೊಂದು ಸೂಚನೆಯೂ ಹದಿನಾರು ಖಾನೆಗಳ ಒಂದು ಸಾಲು. ಪ್ರತಿ ಖಾನೆಯಲ್ಲೂ ಸೊನ್ನೆ ಅಥವಾ ಒಂದು. ಮೊದಲ ಐದು ಖಾನೆಗಳು ಯಾವ ಕೆಲಸ ಎಂದು ಹೇಳುತ್ತವೆ: ಕೂಡು, ಕಳೆ, ನೋಡು, ಬಡಿ, ನಿಲ್ಲು. ಮಿಕ್ಕ ಖಾನೆಗಳು ಯಾವುದನ್ನು, ಎಲ್ಲಿಗೆ ಎಂದು ಹೇಳುತ್ತವೆ. ಐದು ಖಾನೆಯಲ್ಲಿ ಹಿಡಿಯುವುದು ಮೂವತ್ತೆರಡು ಕೆಲಸ. ಮೂವತ್ತಮೂರನೆಯದಕ್ಕೆ ಜಾಗವಿಲ್ಲ. ಸೂಚನೆಗಳನ್ನು ರೂಪಿಸುವವರ ಕಷ್ಟವೆಲ್ಲ ಈ ಇಕ್ಕಟ್ಟಿನಲ್ಲೇ ಇರುವುದು. ಅರ್ಥವಾಗದ ಸೂಚನೆ ಏನಾದರೂ ಬಂದರೆ ಪ್ರೊಸೆಸರ್ ಇದ್ದದ್ದನ್ನೆಲ್ಲ ಬಿಟ್ಟು ಒಂದು ಗೊತ್ತಾದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಸುತ್ತಿಗೆ ಮೇಲಕ್ಕೆ, ಕೆಂಪು ದೀಪ. ಇಂಗ್ಲಿಷಿನಲ್ಲಿ ಇದಕ್ಕೆ ಟ್ರ್ಯಾಪ್ ಎನ್ನುತ್ತಾರೆ, ನಾವು ಬೋನು ಎನ್ನುತ್ತಿದ್ದೆವು.

ಪಟ್ಟಿಯನ್ನು ದೊಡ್ಡ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೆವು. ಬರೆಯುವ ದಿನವೇ ಒಂದು ಜಗಳವಾಗಿತ್ತು. ನಮ್ಮ ಕೆಲಸದಲ್ಲಿ ಎಣಿಕೆ ಸೊನ್ನೆಯಿಂದ ಶುರು, ಮೂವತ್ತೆರಡನೆಯ ಸಾಲಿನ ಅಂಕಿ ಮೂವತ್ತೊಂದು. ಯಜಮಾನ ತಲೆತಲಾಂತರದಿಂದ ಕಾಯಿ ವ್ಯಾಪಾರ ಮಾಡಿಕೊಂಡು ಬಂದ ಮನೆಯವನು. "ಮಳಿಗೆ ಒಳಗೆ ಸೊನ್ನೆ ಅಂತ ಎಣಿಕೆ ಹಿಡಿಯೋದಾ ಅಕ್ಕಾ? ನಮ್ಮಪ್ಪ ಇದ್ದಿದ್ರೆ ಅಟ್ಟದಿಂದ ಇಳಿದು ಬಂದು ಬಾಯಿಗೆ ಹೊಡೀತಿದ್ರು," ಎಂದ. ಇಲ್ಲಿ ಕಾಯಿ ಎಣಿಸುವವರು ಮೊದಲ ಕಾಯಿಗೆ 'ಲಾಭ' ಎನ್ನುತ್ತಾರೆ. ಕೊನೆಗೆ ರಾಜಿಯಾಯಿತು. ಮೊದಲ ಸಾಲಿಗೆ ಅಂಕಿ ಬರೆಯದೆ 'ಲಾಭ' ಎಂದೇ ಬರೆಯುವುದು. ಯಜಮಾನ ಅದರ ಮೇಲೆ ಒಂದು ಬೊಟ್ಟು ಅರಿಶಿನವನ್ನೂ ಇಟ್ಟ. ನಾನು ಎಂಜಿನಿಯರಿಗೆ, "ಲಾಭ ಅಂದರೆ ಸೊನ್ನೆ ಅಂತ ಟೈಪ್ ಮಾಡ್ಕೊಳ್ಳಪ್ಪ," ಎಂದು ಹೇಳಿ ಮುಂದಕ್ಕೆ ಹೋದೆ.

ದಿನದ ಮೊದಲ ಕೆಲಸ ಪಟ್ಟಿ ಓದುವುದು. ಯಜಮಾನ ಗೋಡೆಯ ಪಟ್ಟಿಯನ್ನು ಜೋರಾಗಿ ಓದುತ್ತಾನೆ, ಎಂಜಿನಿಯರ್ ಪರದೆಯಲ್ಲಿ ನೋಡಿ "ಹೂಂ" ಎನ್ನುತ್ತಾನೆ, ನಾನು ನನ್ನ ಪ್ರತಿಯಲ್ಲಿ ಗೀಟು ಹಾಕುತ್ತೇನೆ. ನಾನು ಓದಿದ್ದು ಮಠದ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು. ಅಲ್ಲಿ ಅಕ್ಕಿ ಅಳೆಯುವುದಕ್ಕೂ ಒಬ್ಬಳು ಹೇಳಬೇಕು, ಒಬ್ಬಳು ನೋಡಬೇಕು, ಒಬ್ಬಳು ಗುರುತು ಹಾಕಬೇಕು. ಆ ಅಭ್ಯಾಸ ನನ್ನಿಂದ ಹೋಗಿಲ್ಲ, ಹೋಗಬೇಕೆಂದು ನಾನೂ ಬಯಸಿಲ್ಲ.

"ಲಾಭ, ನಿಲ್ಲು."

"ಹೂಂ."

"ಎರಡು, ಸುಮ್ಮನಿರು."

"ಹೂಂ."

"ಮೂರು, ತುಂಬು."

ಹೀಗೆ ಮೂವತ್ತೊಂದರವರೆಗೆ. ಎಲ್ಲಕ್ಕೂ ಗೀಟು ಬಿತ್ತು. ಲಾಭದಿಂದ ಮೂವತ್ತೊಂದು, ಪಟ್ಟಿ ತುಂಬಿದೆ, ಸರಿಯಾಗಿದೆ ಎಂದು ಕೆಳಗೆ ಬರೆದೆ.

ಆಮೇಲೆ ಯಂತ್ರದ ಓಟ. ಸಿಂಗಟಗೆರೆಯಾಕೆ ಒಂದೊಂದೇ ಕಾಯಿಯನ್ನು ಕಬ್ಬಿಣದ ಬಟ್ಟಲಿಗೆ ಇಡುತ್ತಾಳೆ, ಕೈ ತೆಗೆಯುತ್ತಾಳೆ, ಸುತ್ತಿಗೆ ತಟ್ಟುತ್ತದೆ, ಬಟ್ಟಲು ಓರೆಯಾಗಿ ಕಾಯಿ ಎಡಕ್ಕೋ ಬಲಕ್ಕೋ ಉರುಳುತ್ತದೆ. ಬಟ್ಟಲಿನ ಬಾಯಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಬೆಳಕಿನ ಗೆರೆ ಇದೆ. ಕೈ ಇದ್ದರೆ ಗೆರೆ ಕಡಿಯುತ್ತದೆ, ಸುತ್ತಿಗೆ ಬೀಳಬಾರದು. ಮೇಲೆ ತಂತಿಯ ಜಾಲರಿಯೂ ಇದೆ. ಆದರೆ ಕಾಯಿ ಓರೆಯಾಗಿ ಸಿಕ್ಕಿಕೊಂಡಾಗ ಜಾಲರಿ ಎತ್ತಿ ಸರಿಮಾಡುವುದು ಎಲ್ಲ ಊರಿನಲ್ಲೂ ನಡೆದೇ ನಡೆಯುತ್ತದೆ.

ಹತ್ತರ ಸುಮಾರಿಗೆ ಒಂದು ಕಾಯಿ ಸಿಕ್ಕಿಕೊಂಡಿತು. ಆಕೆ ಜಾಲರಿ ಎತ್ತಿ ಕೈ ಹಾಕಿದಳು. ಸುತ್ತಿಗೆ ಬಿತ್ತು.

ಕಾಯಿಗೆ ಅದು ತಟ್ಟು. ಬೆರಳಿಗೆ ಅದು ಏಟು. ಆಕೆ ಕೈ ಎಳೆದುಕೊಂಡಳು, ಆದರೂ ನಡುಬೆರಳಿನ ಉಗುರಿಗೆ ತಗುಲಿತು. ಉಗುರಿನ ಬುಡದಲ್ಲಿ ರಕ್ತ ಕಟ್ಟಿ ಕಪ್ಪಾಗುತ್ತಿದ್ದುದು ನಾನು ನೋಡುತ್ತಿದ್ದಂತೆಯೇ ಕಾಣಿಸಿತು. ಯಜಮಾನ ಓಡಿಹೋಗಿ ಕೊಡದಿಂದ ನೀರು ತಂದ. ಆಕೆ ಬೆರಳನ್ನು ನೀರಿಗಿಟ್ಟು ಹಲ್ಲು ಕಚ್ಚಿಕೊಂಡು ನಿಂತಳು.

"ನಮ್ಮತ್ತೆ ಕೈಯಾದ್ರೂ ಬೈದ್ಮೇಲೆ ಬೀಳ್ತಿತ್ತು. ಇದು ಹೇಳ್ದೆ ಕೇಳ್ದೆ ಬೀಳ್ತದಲ್ಲಾ!"

"ಕೈ ಯಾಕೆ ಹಾಕ್ದೆ ನೀನು?" ಎಂದ ಯಜಮಾನ.

"ಹಾಕ್ದೆ ಇದ್ರೆ ನಿಮ್ ಕಾಯಿ ಎದ್ದು ಕುಂತ್ಕತದಾ ಯಜಮಾನ್ರೇ? ತರೀಕೆರೆ ಮಂಡೀಲಿ ಹೊಸ ಮಿಷನ್ನಿಗೆ ನಾನೇ ನಿಲ್ಲೋದು ಅಂತ ನೀವೇ ಹೇಳಿಲ್ವಾ? ದಿನಾ ಕೈ ಹಾಕ್ಬೇಕು ಕಣ್ರೀ ನಾನು."

ಆ ಮಾತು ನನ್ನ ಕಿವಿಯಲ್ಲಿ ನಿಂತಿತು. ದಿನಾ ಕೈ ಹಾಕುವವಳು ಆಕೆ. ನಾವು ಕಳಿಸುವ ಪಟ್ಟಿ ದಿನಾ ಆ ಕೈಯ ಮೇಲೆ ಇರುತ್ತದೆ.

ಯಂತ್ರ ನಿಲ್ಲಿಸಿ ದಾಖಲೆ ತೆಗೆಸಿದೆ. ಎಂಜಿನಿಯರ್ ಒಂದೊಂದೇ ಸಾಲು ಹಿಂದಕ್ಕೆ ಹೋದ. ಪ್ರೋಗ್ರಾಂ 'ನೋಡು' ಎಂಬ ಸೂಚನೆ ಕೊಟ್ಟಿದೆ, ಗೆರೆ ಕಡಿದಿಲ್ಲ ಎಂಬ ಉತ್ತರ ಬಂದಿದೆ. ಮುಂದಿನ ಸೂಚನೆ 'ಬಡಿ'. ಇವೆರಡರ ನಡುವೆ ಮೈಕು ಕರೆದಿದೆ. ಇದಕ್ಕೆ ಇಂಟರಪ್ಟ್ ಎನ್ನುತ್ತಾರೆ, ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಿದ ಹಾಗೆ. ಪ್ರೊಸೆಸರ್ ಕೈಲಿದ್ದದ್ದನ್ನು ಬಿಟ್ಟು ಮೈಕಿನ ಸದ್ದು ಕೇಳಲು ಹೋಗಿದೆ. ಹಿಂದಿನ ಕಾಯಿಯ ಸದ್ದು ಗೊಂದಲದ್ದು, ಲೆಕ್ಕಕ್ಕೆ ಹೊತ್ತು ಹಿಡಿದಿದೆ. ಅಷ್ಟರಲ್ಲಿ ಈಕೆಯ ಕೈ ಒಳಗೆ ಬಂದಿದೆ. ವಾಪಸ್ಸು ಬಂದ ಪ್ರೊಸೆಸರ್, ನೋಡಿದ್ದಾಯಿತಲ್ಲ ಎಂದುಕೊಂಡು ಬಡಿದಿದೆ.

"ಅದರದೇನೂ ತಪ್ಪಿಲ್ಲ ಮೇಡಂ," ಎಂದ ಎಂಜಿನಿಯರ್. "ಹೇಳಿದ ಹಾಗೇ ಮಾಡಿದೆ."

"ಅದೇ ನನಗೆ ಭಯ," ಎಂದೆ.

ಅವನ ಮೊದಲ ಸಲಹೆ, ಬಡಿಯುವ ಮುಂಚೆ ಮೈಕಿನ ಬಾಯಿ ಮುಚ್ಚಿಸುವುದು, ಬಡಿದ ಮೇಲೆ ಬಿಚ್ಚುವುದು. ಮಾಡಿ ನೋಡಿದೆವು. ಏಟು ತಪ್ಪಿತು, ಆದರೆ ಸದ್ದಿನ ತುಣುಕುಗಳು ಬಿಟ್ಟುಹೋಗಿ ಎಷ್ಟೋ ಒಳ್ಳೆಯ ಕಾಯಿಗಳು ಕೆಟ್ಟವುಗಳ ಕಡೆ ಉರುಳಿದವು. ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ನಾಳೆ ಇನ್ನಾರೋ ಪ್ರೋಗ್ರಾಂ ಬರೆಯುತ್ತಾರೆ, ಬಾಯಿ ಮುಚ್ಚಿಸುವುದನ್ನು ಮರೆಯುತ್ತಾರೆ. ಸುತ್ತಿಗೆ ಬೀಳುವ ಹೊತ್ತು ಬಹಳ ಚಿಕ್ಕದು, ಅದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ಜಾಲರಿ ಇದೆ. ಆದರೆ ನೋಡುವುದಕ್ಕೂ ಬಡಿಯುವುದಕ್ಕೂ ನಡುವಿನ ಈ ಸಂದು ನಾವೇ ಮಾಡಿಟ್ಟದ್ದು. ಅದನ್ನು ಮುಚ್ಚಲು ಒಂದೇ ದಾರಿ: ಎರಡನ್ನೂ ಒಂದೇ ಸೂಚನೆ ಮಾಡುವುದು, ನಡುವೆ ಯಾರೂ ಬಾಯಿ ಹಾಕಲಾಗದ ಹಾಗೆ. ಕಾಗದದ ಮೇಲೆ ಹೆಸರು ಬರೆದೆ: ನೋಡಿಬಡಿ.

ಹೆಸರೇನೋ ಆಯಿತು. ಅದನ್ನು ಇಡುವುದೆಲ್ಲಿ? ಮೂವರೂ ಗೋಡೆಯ ಕಡೆ ತಿರುಗಿದೆವು.

"ತುಂಬೋಗಿದೆ," ಎಂದ ಯಜಮಾನ.

"ಒಂದನ್ನ ತೆಗೆಯೋಣ ಮೇಡಂ. 'ತಿರುಗಿಸು' ತೆಗೆದ್ರೆ? ಕೂಡಿ, ಸರಿಸಿ ಅದೇ ಕೆಲಸ ಮಾಡ್ಕೋಬಹುದು."

"ನಿಮ್ಮೂರಿನ ಮಿಷನ್ನೇ ಅದರ ಮೇಲೆ ಓಡ್ತಿರೋದು ಕಣಪ್ಪಾ," ಎಂದು ಯಜಮಾನ ನಕ್ಕ. "ಮೊದ್ಲು ನಿಮ್ಮೂರೋರೇ ಬಂದು ನಿನ್ನ ಹಿಡ್ಕತಾರೆ."

ಅವನು ಹೇಳಿದ್ದು ನಿಜ. ಅಜ್ಜಂಪುರ, ಸಖರಾಯಪಟ್ಟಣ, ತರೀಕೆರೆಗಳಲ್ಲಿ ಆಗಲೇ ಓಡುತ್ತಿದ್ದ ಯಂತ್ರಗಳು ಕೆಟ್ಟರೆ ಅವಕ್ಕೆ ಈ ಹೊಸ ಚಿಪ್ಪನ್ನೇ ಹಾಕಬೇಕು. ಅವುಗಳಲ್ಲಿರುವ ಪ್ರೋಗ್ರಾಂ ಒಂದಕ್ಷರ ಬದಲಾಗದೆ ಇದರಲ್ಲಿ ನಡೆಯಬೇಕು. ಹಾಗೆಂದು ನಿಯಮ ಮಾಡಿದವಳು ನಾನು, ಪಟ್ಟಿಯ ತಲೆಯಲ್ಲೇ ಬರೆಸಿದ್ದೆ. ಕೆಲವು ಮಾಲೀಕರು ತಮ್ಮ ಕಾಯಿಗೆ ತಕ್ಕಂತೆ ಬೇರೆಯವರಿಂದ ಪ್ರೋಗ್ರಾಂ ತಿದ್ದಿಸಿಕೊಂಡಿದ್ದರು, ಅವುಗಳ ಪ್ರತಿ ಕೂಡ ನಮ್ಮಲ್ಲಿರಲಿಲ್ಲ. ಯಾವ ಸೂಚನೆ ಎಲ್ಲಿ ಬಳಕೆಯಲ್ಲಿದೆ ಎಂದು ಹೇಳುವಂತಿರಲಿಲ್ಲ. ನಮ್ಮಲ್ಲಿದ್ದ ಪ್ರೋಗ್ರಾಂಗಳನ್ನಷ್ಟೇ ಹುಡುಕಿದೆವು. ಪಟ್ಟಿಯ ಪ್ರತಿಯೊಂದು ಸೂಚನೆಯೂ ಎಲ್ಲಾದರೂ ಒಂದು ಕಡೆ ಸಿಕ್ಕಿತು. ಒಂದನ್ನು ಮುಟ್ಟಿದರೂ ಒಂದು ಊರಿನ ಯಂತ್ರ ಕೆಡುತ್ತಿತ್ತು.

ಕೋಣೆ ಕಾದಿತ್ತು. ಎಂಜಿನಿಯರಿನ ಷರಟಿನ ಬೆನ್ನು ಒದ್ದೆಯಾಗಿ ಅಂಟಿಕೊಂಡಿತ್ತು. ಬಾಗಿಲು ತೆರೆಯಬಹುದಿತ್ತು, ಆಗ ಓಟವೇನೂ ನಡೆಯುತ್ತಿರಲಿಲ್ಲ. ಯಾರಿಗೂ ಹೊಳೆಯಲಿಲ್ಲ, ನನಗೂ ಕೂಡ. ಚಿಲಕ ಒಳಗಡೆಯೇ ಇತ್ತು, ನಾವೇ ಹಾಕಿಕೊಂಡದ್ದು.

ಒಂದಕ್ಕೆ ಊಟ. ಏನೇ ಆಗಲಿ ಒಂದಕ್ಕೆ ಊಟ ಎಂಬುದು ನನ್ನ ಕ್ರಮ. ಯಜಮಾನ ಬೆಳಿಗ್ಗೆಯೇ ಮನೆಯಿಂದ ಮುದ್ದೆ, ಅವರೆಕಾಳಿನ ಸಾರು ತಂದಿಟ್ಟಿದ್ದ. ಸಿಂಗಟಗೆರೆಯಾಕೆ ಬಲಗೈಯ ನಡುಬೆರಳನ್ನು ಎತ್ತಿಹಿಡಿದುಕೊಂಡು ಮಿಕ್ಕ ಬೆರಳಲ್ಲಿ ಮುದ್ದೆ ಮುರಿಯುತ್ತಿದ್ದಳು. ಮುದ್ದೆ ಮುರಿಯಲು ಎಷ್ಟು ಬೆರಳು ಬೇಕೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಕೈ ತೊಳೆದ ಮೇಲೆ ಯಜಮಾನ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದ.

"ಅಕ್ಕಾ, ಒಂದ್ ಮಾತು. ಇದನ್ನ ಹಿಂಗೇ ಕಳಿಸಾಣ. ಪ್ರೋಗ್ರಾಂನಲ್ಲಿ ಬಾಯಿ ಮುಚ್ಚೋದು ಹಾಕ್ಕಳಾಣ. ಒಂದಷ್ಟು ಕಾಯಿ ಅತ್ಲಾಗಿ ಇತ್ಲಾಗಿ ಹೋದ್ರೆ ಹೋಗ್ಲಿ. ಮುಂದಿನ ಚಿಪ್ಪಲ್ಲಿ ಸರಿ ಮಾಡಾಣ."

"ಆ ಬಾಯಿ ಮುಚ್ಚೋದನ್ನ ತರೀಕೆರೆಯವರು ತೆಗೆಸಿಬಿಡ್ತಾರೆ. ಒಳ್ಳೆ ಕಾಯಿ ಹಾಳು ಬೀಳ್ತಿದೆ ಅಂತ ಒಂದೇ ವಾರದಲ್ಲಿ ತೆಗೆಸ್ತಾರೆ. ನೀವೇ ಆಗಿದ್ರೂ ತೆಗೆಸ್ತಿದ್ರಿ."

ತೆಗೆಸುತ್ತಿದ್ದ, ಅದು ಅವನಿಗೆ ಗೊತ್ತಿತ್ತು.

"ನಾನು ಸಹಿ ಹಾಕಲ್ಲ," ಎಂದೆ.

"ಅಕ್ಕಾ! ಬೆಳಗ್ಗೆಯಿಂದ ಚಿಲಕ ಹಾಕಿ ಕೂರಿಸ್ಕೊಂಡು, ಈಗ ಕಳಿಸಲ್ಲ ಅಂತೀರಲ್ಲಾ! ಕಾರ್ತಿಕ ಸೋಮವಾರ ಅಂತ ಮನೇಲಿ ಪೂಜೆ ಮಾಡ್ಸಿ ಬಂದಿದೀನಿ."

"ಪೂಜೆ ಮಾಡ್ಸಿದ್ದು ಒಳ್ಳೇದಾಯ್ತು. ಈ ಸಂದು ಇಟ್ಕೊಂಡು ನಾನು ಸಹಿ ಹಾಕಲ್ಲ."

ಹೇಳಿದ ಮೇಲೆ ಎದೆ ಹಗುರಾಗಲಿಲ್ಲ. ಕಳಿಸಿದರೆ ಆ ಸಂದು ಸಿಲಿಕಾನಿನಲ್ಲಿ ಕೂರುತ್ತದೆ. ಕಳಿಸದಿದ್ದರೆ ಇದೇ ಹಳೆಯ ಚಿಪ್ಪಿನ ಯಂತ್ರಗಳು, ಅದೇ ಸಂದಿನೊಂದಿಗೆ, ಇನ್ನೊಂದು ಹಂಗಾಮು ಓಡುತ್ತವೆ. ಎರಡು ಕಡೆಯೂ ಅದೇ ಬೆರಳು.

ಉಳಿದಿದ್ದದ್ದು ಒಂದೇ. ನಾನು ಮಾಡಿದ ನಿಯಮವನ್ನು ನಾನೇ ಮುರಿದು ಒಂದು ಸೂಚನೆಯನ್ನು ತೆಗೆಯುವುದು, ಅದರಿಂದ ಕೆಡುವ ಯಂತ್ರಗಳ ಹತ್ತಿರ ನಾನೇ ಹೋಗಿ, ಮಾಲೀಕರ ಕೈಕಾಲು ಹಿಡಿದಾದರೂ ಪ್ರೋಗ್ರಾಂ ತಿದ್ದುವುದು. ಹಾಗೇ ಹೇಳಿದೆ. ಯಜಮಾನ ಹಣೆ ಒರೆಸಿಕೊಂಡು, "ಸರಿ, ಯಾವುದನ್ನ ತೆಗೀತೀರೋ ನೋಡಿ," ಎಂದ.

"ಮತ್ತೆ ಓದಿ. ಈ ಸಲ ಕೆಳಗಿನಿಂದ ಮೇಲಕ್ಕೆ."

ಇದೂ ವಿದ್ಯಾರ್ಥಿನಿಲಯದ್ದೇ. ಮೇಲಿನಿಂದ ಕೂಡಿದ ಲೆಕ್ಕವನ್ನು ಕೆಳಗಿನಿಂದ ಕೂಡಿ ನೋಡದೆ ಸ್ಲೇಟು ಒರೆಸುವಂತಿರಲಿಲ್ಲ. ಅದೂ ಅಲ್ಲದೆ ಕಡೆಗೆ ಸೇರಿಸಿದ ಸೂಚನೆಗಳು ಕೆಳಗಿದ್ದವು, ತೆಗೆಯುವುದಾದರೆ ಅವುಗಳಲ್ಲೇ ಹುಡುಕಬೇಕಿತ್ತು.

ಯಜಮಾನ ಪಟ್ಟಿಯ ಬುಡದಿಂದ ಹಿಡಿದ. "ಮೂವತ್ತೊಂದು, ತಿರುಗಿಸು. ಮೂವತ್ತು, ಅದಲುಬದಲು." ಒಂದೊಂದಕ್ಕೂ ನಿಂತು, ಇದು ಹೋದರೆ ಯಾವ ಊರು ಕೆಡುತ್ತದೆ ಎಂದು ಲೆಕ್ಕ ಹಾಕುತ್ತ ಮೇಲೆ ಬಂದೆವು. ನಾನೂ ಅವನ ಜೊತೆಗೇ ಅಂಕಿ ಹೇಳತೊಡಗಿದ್ದೆ. ಸುಸ್ತಾಗಿತ್ತು, ದನಿ ಜೊತೆಗಿದ್ದರೆ ನಿದ್ದೆ ಬರುವುದಿಲ್ಲ.

"ನಾಲ್ಕು, ಇಡು."

"ಮೂರು, ತುಂಬು."

"ಎರಡು, ಸುಮ್ಮನಿರು."

ಆಮೇಲೆ ನಾನು "ಒಂದು" ಎಂದೆ, ಅದೇ ಹೊತ್ತಿಗೆ ಅವನು "ಲಾಭ" ಎಂದ.

ಇಬ್ಬರೂ ನಿಂತೆವು.

"ಒಂದು ಎಲ್ಲಿ?" ಎಂದೆ.

"ಅದೇ ಅಲ್ವಾ ಲಾಭ."

"ಲಾಭ ಸೊನ್ನೆ."

"ಸೊನ್ನೆ ಹೆಂಗಾಯ್ತದೆ ಅಕ್ಕಾ? ಲಾಭ ಅಂದ್ರೆ ಮೊದಲ್ನೇ ಕಾಯಿ. ಲಾಭ, ಎರಡು, ಮೂರು. ಹುಟ್ಟಿದಾಗಿಂದ ಹಂಗೇ ಎಣಿಸಿರೋದು."

ನನಗೆ ಲಾಭ ಎಂದರೆ ಸೊನ್ನೆ, ಅವನ ನಾಲಿಗೆಗೆ ಅದು ಒಂದು. ಇಬ್ಬರೂ ಒಂದೇ ಸಾಲನ್ನು ನೋಡಿ ತಲೆಯಾಡಿಸುತ್ತ ಬಂದಿದ್ದೆವು. ಸೊನ್ನೆಯ ನಂತರ ಒಂದು ಬರಬೇಕಿತ್ತು. ಲಾಭದ ನಂತರ ಎರಡೇ ಬರುವುದು. ಕೊನೆಯ ಅಂಕಿ ಮೂವತ್ತೊಂದು ಬಂದದ್ದರಿಂದ ಪಟ್ಟಿ ತುಂಬಿತೆಂದು ಇಬ್ಬರಿಗೂ ಧೈರ್ಯ.

ಎಂಜಿನಿಯರ್ ಆಗಲೇ ಪರದೆಯ ಹತ್ತಿರ ಬಗ್ಗಿದ್ದ. "ಮೇಡಂ, ಸೊನ್ನೆ ಇದೆ, ಎರಡಿದೆ. ಒಂದು ಇಲ್ಲ. ಅವರು ಎರಡು ಅಂದ್ರು, ನಾನು ಎರಡು ಅಂತ ಹಾಕ್ದೆ. ಪಟ್ಟೀಲಿಲ್ಲದ್ದೆಲ್ಲಾ ಬೋನಿಗೆ ಅಂತ ಕೊನೇಲಿ ಬರೆದಿದ್ದೆ, ಅದಕ್ಕೇ ತಪ್ಪು ಹುಡುಕೋ ಸಾಫ್ಟ್‌ವೇರ್ ಕೂಡ ಗದ್ದಲ ಮಾಡಿಲ್ಲ."

"ಹಾಕಿ ತೋರಿಸು."

ಐದು ಖಾನೆಯಲ್ಲಿ ಒಂದನ್ನು ತುಂಬಿ ಯಂತ್ರಕ್ಕೆ ಕೊಟ್ಟ. ಸುತ್ತಿಗೆ ಮೇಲಕ್ಕೆ ಹೋಗಿ ನಿಂತಿತು. ಕೆಂಪು ದೀಪ. ಬೋನು. ಆ ದೀಪ ನೋಡಿ ಮೂವರೂ ಒಟ್ಟಿಗೆ ಸಂತೋಷಪಟ್ಟದ್ದು ಅದೊಂದೇ ಸಲ.

"ಎಂಥಾ ಸಂಭ್ರಮ ಇದು? ಕೆಟ್ಟೋಯ್ತಾ?" ಎಂದಳು ಸಿಂಗಟಗೆರೆಯಾಕೆ.

"ಇಲ್ಲಮ್ಮಾ. ಮನೇಲಿ ಒಂದ್ ರೂಮು ಖಾಲಿ ಇತ್ತಂತೆ, ಈಗ ಗೊತ್ತಾಯ್ತು," ಎಂದ ಯಜಮಾನ. ಅವನ ಮುಖ ಅರಳಿತ್ತು. "ಹಾಕಿ ಅಕ್ಕಾ ಬೇಗ. ನಿಯಮಾನೂ ಉಳೀತು, ಹಂಗಾಮೂ ಉಳೀತು. ನೋಡಿದ್ರಾ, ಲಾಭ ಅಂದಿದ್ದಕ್ಕೆ ಲಾಭಾನೇ ಆಯ್ತು."

ನಾನು ಪೆನ್ನು ತೆಗೆದೆ, ಮತ್ತೆ ಕೆಳಗಿಟ್ಟೆ.

ಖಾಲಿ ಸಾಲಿನ ಮೇಲಿನ ಸಾಲು 'ನಿಲ್ಲು'. ಅದರ ಐದು ಖಾನೆ ಐದೂ ಸೊನ್ನೆ. ಖಾಲಿ ಸಾಲಿನದು ನಾಲ್ಕು ಸೊನ್ನೆ, ಕೊನೆಗೆ ಒಂದು. ಇಲ್ಲಿಯ ಕರೆಂಟು ಎಂಥದೆಂದು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ದೊಡ್ಡ ಮೋಟಾರು ಹಾಕಿದರೆ ಮೆಮೊರಿಯಲ್ಲಿ ಯಾವುದೋ ಒಂದು ಖಾನೆ ತಿರುಗಿಬೀಳುವುದುಂಟು, ನಾವೇ ಕಂಡಿದ್ದೇವೆ. ಆ ಒಂದು ಖಾನೆ ತಿರುಗಿದರೆ 'ನಿಲ್ಲು' ಎಂದದ್ದು 'ನೋಡಿಬಡಿ' ಆಗುತ್ತದೆ. ಯಂತ್ರ ನಿಲ್ಲಿಸಿದ್ದೇನೆ ಎಂದುಕೊಂಡು ಒಬ್ಬಳು ಬಟ್ಟಲು ಒರೆಸಲು ಬರುತ್ತಿರುತ್ತಾಳೆ.

"ನಿಲ್ಲು ಅನ್ನೋದರ ಮಗ್ಗುಲಲ್ಲೇ ಬಡಿ ಅನ್ನೋದನ್ನ ಮಲಗಿಸೋಕೆ ಆಗಲ್ಲ," ಎಂದೆ.

ಯಜಮಾನ ತಲೆಯ ಮೇಲೆ ಕೈ ಹೊತ್ತು ಕಾಯಿಯ ರಾಶಿಯ ಮೇಲೆ ಕೂತುಬಿಟ್ಟ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಬಾಗಿಲು ಸಿಕ್ಕಿತು ಎನ್ನುವಷ್ಟರಲ್ಲಿ ಅದಕ್ಕೂ ಬೀಗ.

ಈ ಸಲ ದಾರಿ ಎಂಜಿನಿಯರ್ ತೆಗೆದ. ಉಳಿದ ಹನ್ನೊಂದು ಖಾನೆಗಳಿವೆಯಲ್ಲ, 'ನಿಲ್ಲು' ಸೂಚನೆಯಲ್ಲಿ ಅವೆಲ್ಲ ಸೊನ್ನೆ. 'ನೋಡಿಬಡಿ'ಯಲ್ಲಿ ಅವೆಲ್ಲದರಲ್ಲೂ 'ಒಂದು' ಇರಬೇಕು ಎಂದು ಸರ್ಕ್ಯೂಟಿನಲ್ಲೇ ಕಟ್ಟಿಬಿಡುವುದು. ಒಂದು ಖಾನೆ ಹೆಚ್ಚುಕಡಿಮೆಯಾದರೂ ಬೋನು. ಆಗ 'ನಿಲ್ಲು' ತಿರುಗಿ 'ನೋಡಿಬಡಿ' ಆಗಬೇಕಾದರೆ ಒಂದಲ್ಲ, ಹನ್ನೆರಡು ಖಾನೆ ಒಟ್ಟಿಗೆ ಕೆಡಬೇಕು.

"ಅದರಲ್ಲಿ ಒಂದೇ ಒಂದ್ ಖಾನೆ ಬಿಡಿ ಅಕ್ಕಾ," ಯಜಮಾನ ಎದ್ದು ಬಂದ. "ಎರಡನೇ ಸುತ್ತಿಗೆಗೆ. ಜೋಡಿ ಸುತ್ತಿಗೆ ಮಿಷನ್ ಮಾಡ್ಬೇಕು ಅಂತ ಎಷ್ಟು ದಿನದಿಂದ ಹೇಳ್ತಿದೀನಿ. ಯಾವ ಸುತ್ತಿಗೆ ಅಂತ ಹೇಳೋಕೆ ಒಂದ್ ಖಾನೆ ಸಾಕು."

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಎರಡನೇ ಸುತ್ತಿಗೆ ಎಂಬುದು ಇನ್ನೂ ಇರಲೇ ಇಲ್ಲ. ಇಲ್ಲದ್ದನ್ನು ಪರೀಕ್ಷಿಸುವುದು ಹೇಗೆ? ಪರೀಕ್ಷಿಸದ್ದನ್ನು ಅಂದು ಕಳಿಸಲಾರೆ ಎಂದೆ. ಅವನು ಒಂದು ಕಾಯಿಯನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ಕೆಳಗಿಟ್ಟ. ಜೋಡಿ ಸುತ್ತಿಗೆಯ ಯಂತ್ರ ಆ ಚಿಪ್ಪಿನಲ್ಲಿ ಹುಟ್ಟಲಿಲ್ಲ.

ಎಂಜಿನಿಯರ್ ಟೈಪ್ ಮಾಡಿದ, ನಾನು ಹಿಂದೆ ನಿಂತು ಸಾಲು ಸಾಲು ಓದಿದೆ. ಬೋರ್ಡಿನ ಚಿಪ್ಪನ್ನು ಅಳಿಸಿ ಹೊಸದಾಗಿ ತುಂಬಿದೆವು. ಇನ್ನು ಪರೀಕ್ಷೆ. ಗೆರೆ ಕಡಿಯಲು ಬೆರಳಿನಂಥದು ಏನಾದರೂ ಬೇಕಿತ್ತು.

"ನಾನ್ ಕೈ ಹಾಕ್ತೀನಿ ಬಿಡಿ. ಹೆಂಗಿದ್ರೂ ಒಂದ್ ಉಗುರು ಹೋಗೈತೆ," ಎಂದಳು.

"ಸುಮ್ನಿರಮ್ಮಾ," ಎಂದು ಗದರಿದೆ.

ಆಕೆಯ ಚೀಲದಲ್ಲಿ ಸಂತೆಯಿಂದ ತಂದ ಬೆಂಡೆಕಾಯಿ ಇತ್ತು. ಅದನ್ನೇ ಒಂದು ಬಿದಿರುಕಡ್ಡಿಯ ತುದಿಗೆ ಕಟ್ಟಿಸಿದೆ. ಮೊದಲು ಹಳೆಯ ಪ್ರೋಗ್ರಾಂ. ಮೈಕಿಗೆ ಬೇಕೆಂದೇ ಗೊಂದಲದ ಸದ್ದು ಕೇಳಿಸುತ್ತ ಎಂಜಿನಿಯರ್ ಬೆಂಡೆಕಾಯಿ ಚಾಚಿದ, ತೆಗೆದ, ಚಾಚಿದ. ಹಲವು ಸಲ ಏನೂ ಆಗಲಿಲ್ಲ. ಆಮೇಲೆ ಠಪ್ ಎಂದು ಬಿತ್ತು. ಬೆಂಡೆಕಾಯಿ ಜಜ್ಜಿಹೋಗಿ ಬೀಜ ಬಟ್ಟಲಿಗೆಲ್ಲ ಸಿಡಿಯಿತು. ಆಕೆ ತನ್ನ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು.

ಆಮೇಲೆ ಹೊಸದು. ಅದೇ ಸದ್ದು, ಅದೇ ಕಡ್ಡಿ, ಹೊಸ ಬೆಂಡೆಕಾಯಿ. ಎಂಜಿನಿಯರಿನ ತೋಳು ಸೋಲುವವರೆಗೆ ಮಾಡಿಸಿದೆ, ಆಮೇಲೆ ಕಡ್ಡಿಯನ್ನು ನಾನು ತೆಗೆದುಕೊಂಡೆ. ಬೆಂಡೆಕಾಯಿ ಒಳಗಿದ್ದಾಗ ಸುತ್ತಿಗೆ ಒಂದು ಸಲವೂ ಬೀಳಲಿಲ್ಲ. ತೆಗೆದ ತಕ್ಷಣ ಬಿತ್ತು. ಒಳ್ಳೆಯ ಕಾಯಿ ಒಳ್ಳೆಯ ಕಡೆಗೇ ಉರುಳಿತು. ಬೇಕೆಂದೇ ಆ ಹನ್ನೊಂದರಲ್ಲಿ ಒಂದೊಂದು ಖಾನೆ ಕೆಡಿಸಿಯೂ ನೋಡಿದೆವು, ಪ್ರತಿ ಸಲವೂ ಕೆಂಪು ದೀಪ. ಹಳೆಯ ಪ್ರೋಗ್ರಾಂಗಳು ಇದ್ದ ಹಾಗೇ ನಡೆದವು.

"ಸಂಜೆ ಸಾರಿಗೆ ಹೆಚ್ಚೋ ಕೆಲ್ಸ ಉಳೀತದೆ ಅಂದ್ಕೊಂಡಿದ್ದೆ," ಎಂದಳು ಆಕೆ, ಇಡಿಯಾಗಿ ಉಳಿದ ಬೆಂಡೆಕಾಯಿಯನ್ನು ಬಿಚ್ಚಿಕೊಳ್ಳುತ್ತ.

ಗೋಡೆಯ ಪಟ್ಟಿಯಲ್ಲಿ ಲಾಭದ ಸಾಲಿಗೂ ಎರಡರ ಸಾಲಿಗೂ ನಡುವೆ ಜಾಗವಿರಲಿಲ್ಲ. ಒಂದು ಕಾಗದದ ಚೂರು ಕತ್ತರಿಸಿ, ಬರೆದು, ಅಂಟಿಸಿದೆ. ಯಜಮಾನ ಕೊನೆಯ ಸಲ ಓದಲು ನಿಂತ.

"ಲಾಭ, ನಿಲ್ಲು."

"ಹೂಂ."

"ಒಂ..." ನಾಲಿಗೆ ತಡವರಿಸಿತು. ಗಂಟಲು ಸರಿಮಾಡಿಕೊಂಡ. "ಒಂದು, ನೋಡಿಬಡಿ."

"ಲಾಭ ಆದ್ಮೇಲೆ ಒಂದಾ? ಯಾವೂರ ಎಣಿಕೆ ಯಜಮಾನ್ರೇ ಇದು?" ಎಂದು ಆಕೆ ಬಾಯಿ ಹಾಕಿದಳು.

"ಅಕ್ಕನ ಊರಿಂದು. ನೀನ್ ಸುಮ್ನಿರು, ಇಲ್ಲಿ ಇಂಟರಪ್ಟ್ ಮಾಡಂಗಿಲ್ಲ," ಎಂದ ಅವನು.

ಎಲ್ಲ ಸಾಲಿಗೂ ಗೀಟು ಹಾಕಿ, ಸಾಲುಗಳನ್ನು ಬೆರಳಿಟ್ಟು ಎಣಿಸಿ, ಸಹಿ ಹಾಕಿದೆ. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿದ್ದಾಗ ಎಂಜಿನಿಯರ್ ಕಳಿಸಿದ. ಮುಟ್ಟಿತೆಂದು ಉತ್ತರ ಬಂತು. ಡಬ್ಬಿಯ ಮುಚ್ಚಳ ತೆಗೆದು ಫೋನುಗಳನ್ನು ಕೊಟ್ಟೆ. ಯಜಮಾನ ಚಿಲಕ ತೆಗೆದು ಬಾಗಿಲು ಹಾರುಹೊಡೆದ. ಹೊರಗಿನ ಗಾಳಿ ಒಳಗೆ ಬಂದಾಗ ಬೆಳಗಿನಿಂದ ಎಷ್ಟು ಬೆವೆತಿದ್ದೆವೆಂದು ತಿಳಿಯಿತು.

ನನ್ನ ದಿನದ ಕೆಲಸದಲ್ಲಿ ಇನ್ನೊಂದು ಬಾಕಿಯಿತ್ತು. ಬುಟ್ಟಿಯಲ್ಲಿ ಕಾಯಿ ಉಳಿಸಿ ಯಂತ್ರ ಆರಿಸುವ ಪದ್ಧತಿ ನನ್ನದಲ್ಲ. ಉಳಿದವನ್ನು ಮುಗಿಸೆಂದು ಆಕೆಗೆ ಹೇಳಿದೆ. ಒಂದೊಂದಾಗಿ ಹಾಕಿದಳು. ಕೊನೆಯ ಕಾಯಿ ಇಟ್ಟವಳು, ಜಾಲರಿ ಎತ್ತಿ, ಕೈಯನ್ನು ಅಲ್ಲೇ ಬಿಟ್ಟಳು. ಕಪ್ಪಾದ ಉಗುರು ಮೇಲಕ್ಕಿತ್ತು.

"ತೆಗಿ ಕೈ!" ಎಂದು ಕೂಗಿದೆ.

ಆಕೆ ನನ್ನ ಕಡೆ ನೋಡಲಿಲ್ಲ. ತಲೆಯ ಮೇಲೆ ನಿಂತಿದ್ದ ಸುತ್ತಿಗೆಯನ್ನೇ ನೋಡುತ್ತಿದ್ದಳು. "ಬೀಳು, ನೋಡಾಣ," ಎಂದಳು.

ಹೊರಗೆ ಬಸ್ಸೊಂದು ಹಾರನ್ ಹೊಡೆಯಿತು. ಮೈಕಿನ ಹಸಿರು ದೀಪ ಅದಕ್ಕೆ ಮಿನುಗಿತು. ಸುತ್ತಿಗೆ ಮೇಲೇ ಇತ್ತು.

"ಅತ್ತೆಗೆ ಬುದ್ಧಿ ಬಂತು ಕಣ್ರೀ," ಎಂದು ಆಕೆ ನಿಧಾನವಾಗಿ ಕೈ ತೆಗೆದುಕೊಂಡಳು. ಸುತ್ತಿಗೆ ಬಿತ್ತು, ಕಾಯಿ ಬಲಕ್ಕೆ ಉರುಳಿತು.

ನಾನು ಹೋಗಿ ಮೇನ್ ಸ್ವಿಚ್ ಆರಿಸಿದೆ.